ಜಾಲಿಗೆ ಮುಂಚೆ ಕಲ್ಲು ನೆಟ್ಟವರು

ಎರಡು ಎಕರೆ ಹೊಳೆದಂಡೆ ಜಮೀನು, ಹತ್ತು ವರ್ಷದ ಹುಣಸೆ ವ್ಯಾಪಾರದ ಗಳಿಕೆ, ಜೊತೆಗೆ ಹೆಂಡತಿಯ ಎದುರು ನನಗಿದ್ದ ಬುದ್ಧಿವಂತನೆಂಬ ಹೆಸರು. ನಮ್ಮ ಕಡೆ ಇದ್ದ ಸರಕಾರದ ಮನುಷ್ಯರೊಬ್ಬರ ಮಾತು ಕೇಳದೆ ಹೋದದ್ದಕ್ಕೆ ನಾನು ತೆತ್ತದ್ದು ಇಷ್ಟು. ಯಾಕೆ ತೆತ್ತೆ ಅಂದರೆ, ಅವರ ಸಲಹೆ ಪುಕ್ಕಟೆಯಾಗಿತ್ತು. ಪುಕ್ಕಟೆ ಸಿಕ್ಕಿದ್ದರಲ್ಲಿ ಹುರುಳಿರುವುದಿಲ್ಲ ಎಂದು ನಂಬಿ ಬೆಳೆದವನು ನಾನು. ಅವರು ಒಂದು ರೂಪಾಯಿ ಫೀಸು ಕೇಳಿದ್ದರೆ ಎಂಟಾಣೆಗೆ ಇಳಿಸಿ, ಕೊಟ್ಟ ಎಂಟಾಣೆ ವಸೂಲಾಗಲಿ ಎಂದಾದರೂ ಹೇಳಿದ ಹಾಗೆ ಮಾಡುತ್ತಿದ್ದೆ.

ಅವರು ಹೋದ ಸುದ್ದಿ ಕಳೆದ ವಾರ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು. ಮೈಸೂರು ಕಡೆ, ತಮ್ಮ ಊರಿನಲ್ಲಿ ತೀರಿಕೊಂಡರಂತೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎದುರಿಗಿದ್ದರೆ ‘ಸ್ವಾಮಿ’, ಬೆನ್ನು ತಿರುಗಿಸಿದರೆ ‘ಹಿಕ್ಕೆ ಸ್ವಾಮಿ’. ಹಳ್ಳಿಗಳನ್ನು ಉದ್ಧಾರ ಮಾಡಿ ಬಾ ಎಂದು ಸರಕಾರ ಸೈಕಲ್ಲು ಹತ್ತಿಸಿ ಕಳಿಸುತ್ತಿದ್ದ ಗ್ರಾಮಸೇವಕರಲ್ಲಿ ಅವರೂ ಒಬ್ಬರು. ಮಿಡಿಗೇಶಿಯಲ್ಲಿ ಒಂದು ಕೋಣೆ. ಕಾಂಪೋಸ್ಟ್ ಗುಂಡಿ ತೋಡಿಸುವುದು, ಸೀಮೆಕೋಳಿ ಸಾಕಿಸುವುದು ಅವರ ಕೆಲಸ. ನಾವು ಗುಂಡಿ ತೋಡಿ ಅದರಲ್ಲಿ ಕಸ ಹಾಕದೆ ಬಿಟ್ಟೆವು, ಕೋಳಿಗಳನ್ನು ತಿಂದೆವು. ಇದರಿಂದ ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಅವರ ಗಮನ ಬೇರೆ ಕಡೆ ಇತ್ತು.

ಅವರ ಖಾಕಿ ಶರ್ಟಿನ ಎಡ ಜೇಬಿನಲ್ಲಿ ಹುರಿದ ಕಡಲೆಕಾಯಿ, ಬಲ ಜೇಬಿನಲ್ಲಿ ಕುರಿ ಹಿಕ್ಕೆ. ಹಿಕ್ಕೆ ಕಾಗದದ ಪೊಟ್ಟಣಗಳಲ್ಲಿರುತ್ತಿತ್ತು. ಯಾವ ಮಂದೆಯದು, ಯಾವ ವಾರದ್ದು ಎಂದು ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಬರೆದಿರುತ್ತಿದ್ದರು. ಒಂದು ದಿನ ಕೊರಟಗೆರೆಯ ಹೋಟೆಲಿನಲ್ಲಿ ಕಾಫಿ ಆರಲೆಂದು ಬಿಟ್ಟು, ಮೇಜಿನ ಮೇಲೆ ಒಂದು ಪೊಟ್ಟಣ ಬಿಚ್ಚಿ, ತಮ್ಮ ಹೆಂಡತಿಯ ಹೇರ್‌ಪಿನ್ನಿನಿಂದ ಹಿಕ್ಕೆಗಳನ್ನು ಒಂದೊಂದಾಗಿ ಒಡೆಯುತ್ತ ಕೂತರು. ಹೋಟೆಲಿನವರು ಬಂದು, ಸ್ವಾಮಿ, ಇದು ಊಟದ ಮೇಜು ಎಂದರು. ಇವರು ತಲೆ ಎತ್ತಲಿಲ್ಲ.

“ಇದೂ ಊಟಾನೇ ಕಣ್ರೀ. ಮುಗಿದಿದೆ, ಅಷ್ಟೆ.”

ಅವತ್ತಿನಿಂದ ಅವರಿಗೆ ಕಾಫಿ ಹೊರಗೆ ಜಗಲಿಯ ಮೇಲೆ. ಅದಕ್ಕೂ ಬೇಸರವಿಲ್ಲ. ಜಗಲಿಯಲ್ಲಿ ಬೆಳಕು ಚೆನ್ನಾಗಿದೆ, ಬೀಜ ಸಲೀಸಾಗಿ ಕಾಣುತ್ತದೆ ಎಂದರು.

ಬೀಜ ಅಂದರೆ ಬಳ್ಳಾರಿ ಜಾಲಿಯದು. ಈಗ ನೀವು ಹೊಳೆಯ ಉದ್ದಕ್ಕೂ ನೋಡುವ ಈ ಮುಳ್ಳಿನ ಸಾಮ್ರಾಜ್ಯ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಪಾವಗಡದ ಬಯಲಿನಲ್ಲಿ ಬೇಲಿಗೂ ಆಯಿತು, ಸೌದೆಗೂ ಆಯಿತು ಎಂದು ಬಿತ್ತಿದ್ದರು. ನಮ್ಮ ಕರಿಜಾಲಿಯಂತೆ ಮರ್ಯಾದೆಯಿಂದ ಒಂದು ಕಡೆ ನಿಲ್ಲುವ ಜಾತಿಯಲ್ಲ ಇದು. ಬೇಲಿಗೆ ಹಾಕಿದರೆ ಹೊಲದೊಳಗೆ ಬಂದು ಕೂರುತ್ತದೆ. ಇದರ ಹಳದಿ ಕಾಯಿ ಸಿಹಿ, ಕುರಿಗಳಿಗೆ ಪಂಚಪ್ರಾಣ. ಬೀಜ ಮಾತ್ರ ಹೊಟ್ಟೆಯಲ್ಲಿ ಕರಗದೆ ಹೋದ ಹಾಗೇ ಹೊರಗೆ ಬರುತ್ತದೆ, ಗೊಬ್ಬರ ಸಮೇತ. ಇಷ್ಟು ಅನುಕೂಲ ಮಾಡಿಕೊಂಡು ಹುಟ್ಟುವ ಬೀಜ ಇನ್ನೊಂದಿಲ್ಲ.

ಜಯಮಂಗಲಿ ಹೊಳೆ ಹರಿಯುವುದು ಕೊರಟಗೆರೆ ಕಡೆಯಿಂದ ಮಧುಗಿರಿ ಕಡೆಗೆ. ಪಾವಗಡ ಇನ್ನೂ ಆಚೆ. ಆದರೂ ಜಾಲಿಯ ಗಿಡಗಳು ಅಲ್ಲೊಂದು ಇಲ್ಲೊಂದು ಹೊಳೆಗೆ ಎದುರಾಗಿ, ಮೇಲಿನ ಊರುಗಳಲ್ಲಿ ಕಾಣಿಸತೊಡಗಿದ್ದವು. ನೀರು ಮೇಲಕ್ಕೆ ಹರಿಯದ ಮೇಲೆ ಗಿಡ ಹೇಗೆ ಮೇಲಕ್ಕೆ ಬಂತು? ನಮಗೆಲ್ಲ ಇದಕ್ಕಿಂತ ದೊಡ್ಡ ಯೋಚನೆಗಳಿದ್ದುದರಿಂದ ಈ ಪ್ರಶ್ನೆ ಅವರೊಬ್ಬರಿಗೇ ತೋಚಿತು. ನಮ್ಮ ಕಡೆ ಬೇಸಿಗೆಯಲ್ಲಿ ಕುರಿಯವರನ್ನು ಕರೆದು ಹೊಲದಲ್ಲಿ ಮಂದೆ ಹಾಕಿಸುವ ಪದ್ಧತಿ. ಕೆಲವು ದಿನ ರಾತ್ರಿ ಕುರಿಗಳು ನಿಮ್ಮ ಹೊಲದಲ್ಲಿ ಮಲಗುತ್ತವೆ, ಹಿಕ್ಕೆ ಮತ್ತು ಗಂಜಲ ನಿಮ್ಮ ನೆಲಕ್ಕೆ, ಅದಕ್ಕೆ ಪ್ರತಿಯಾಗಿ ಕುರಿಯವನಿಗೆ ರಾಗಿ. ಪಾವಗಡದ ಕಡೆಯ ಮಂದೆಗಳು ಜಾಲಿಯ ಕಾಯಿ ಹೊಟ್ಟೆಗೆ ತುಂಬಿಕೊಂಡು ಹೊಳೆದಂಡೆ ಹಿಡಿದು ಮೇಲಕ್ಕೆ ಬರುತ್ತಿದ್ದವು. ನಾವು ರಾಗಿ ಅಳೆದುಕೊಟ್ಟು, ಉಪಚಾರ ಮಾಡಿ, ನಮ್ಮ ಹೊಲದಲ್ಲಿ ಬಿತ್ತಿಸಿಕೊಳ್ಳುತ್ತಿದ್ದೆವು. ಮೇಲೆ ಬಂದದ್ದನ್ನು ಹೊಳೆಯ ಪ್ರವಾಹ ಕೆಳಕ್ಕೆ ಹಂಚುತ್ತಿತ್ತು.

ಮಳೆಗಾಲದ ಪ್ರವಾಹ ಇಳಿದ ಮೇಲೆ ದಂಡೆಯ ಮೇಲೆ ಕಸಕಡ್ಡಿಯ ಒಂದು ಗೆರೆ ಉಳಿಯುತ್ತದಲ್ಲ, ಅದನ್ನು ಹಿಡಿದು ಅವರು ಮೈಲಿಗಟ್ಟಲೆ ನಡೆಯುತ್ತಿದ್ದರು. ಹೊಳೆ ತಿರುಗುವ ಕಡೆ, ಒಳಮಗ್ಗುಲಲ್ಲಿ ನಿಂತು ಕೊಡೆಯ ತುದಿಯಿಂದ ಕಸ ಕೆದಕುವುದು. “ನೀರಿಗೂ ದಣಿವಾಗತ್ತೆ. ದಣಿದ ಕಡೆ ಹೊರೆ ಇಳಿಸತ್ತೆ” ಎನ್ನುವುದು ಅವರ ಮಾತು. ನೀರು ದಣಿಯುವ ಜಾಗವೂ ಕುರಿ ಮಲಗುವ ಜಾಗವೂ ಎಲ್ಲಿ ಒಂದಾಗುತ್ತವೋ ಅಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದು ನೆಡುತ್ತಿದ್ದರು. ಮೂರು ಮಳೆಗಾಲದೊಳಗೆ ಇಲ್ಲಿ ಜಾಲಿ ಎಂದು ಅರ್ಥ. ಸೈಕಲ್ ಕ್ಯಾರಿಯರಿನಲ್ಲಿ ಕಲ್ಲು, ಹ್ಯಾಂಡಲಿನಲ್ಲಿ ಸುಣ್ಣದ ಡಬ್ಬಿ. ಯಾರು ಕೇಳಿದರೂ ನಿಂತು ವಿವರಿಸುತ್ತಿದ್ದರು, ಕೇಳದಿದ್ದರೂ ವಿವರಿಸುತ್ತಿದ್ದರು.

ಮೂರು ನಾಲ್ಕು ಕಲ್ಲು ಸುಳ್ಳಾದವು, ಅದನ್ನೂ ಹೇಳಬೇಕು. ಸುಳ್ಳಾದ ಕಲ್ಲನ್ನು ಅವರೇ ಹೋಗಿ ಕೀಳುತ್ತಿದ್ದರು. ಒಮ್ಮೆ ಹಾಗೆ ಹೋಗಿ, ನಿಮ್ಮ ಹೊಲದ ಮೇಲೆ ಸುಮ್ಮನೆ ಅಪವಾದ ಹೊರಿಸಿದ್ದೆ, ತಪ್ಪಾಯಿತು ಎಂದು ರೈತನಿಗೆ ಕೈಮುಗಿದು ಕಲ್ಲಿಗೆ ಕೈ ಹಾಕಿದರೆ, ಅವನು ಅಡ್ಡ ಬಂದ. “ಎಮ್ಮೆ ಕಟ್ಟಾಕೆ ಚೆನ್ನಾಗೈತೆ, ಬುಟ್ಟೋಗಿ ಸ್ವಾಮಿ” ಅಂದನಂತೆ. ಅವರ ಶಾಸ್ತ್ರದಿಂದ ನಮ್ಮ ಊರಿಗಾದ ಮೊದಲ ಉಪಯೋಗ ಅದು.

ಇನ್ನು ನನ್ನ ವಿಷಯ ಎರಡು ಮಾತು. ನಮ್ಮಪ್ಪ ನನಗೆ ಬಿಟ್ಟುಹೋದದ್ದು ಹುಣಸೆಹಣ್ಣು ಕೀಳುವ ಒಂದು ದೋಟಿ. ಅದನ್ನು ಹಿಡಿದು ಕೂಲಿ ಮಾಡಿ, ಆಮೇಲೆ ಮರ ಗುತ್ತಿಗೆ ಹಿಡಿಯುವವನಾದೆ. ಮರದಲ್ಲಿ ಹೂವಿರುವಾಗಲೇ ಸುತ್ತ ಒಂದು ಸುತ್ತು ಬಂದು ಎಷ್ಟು ಮಣ ಹಣ್ಣು ಎಂದು ಹೇಳುತ್ತಿದ್ದೆ. ಮುಂದೆ ಆಗುವುದನ್ನು ಹೇಳುವುದು ನನ್ನ ಹೊಟ್ಟೆಪಾಡು. ಹಾಗಿರುವಾಗ ಹಿಕ್ಕೆ ಒಡೆದು ಭವಿಷ್ಯ ಹೇಳುವ, ಅದೂ ಸಂಬಳದ ಮನುಷ್ಯರನ್ನು ನಾನು ಗೌರವಿಸುವುದು ಹೇಗೆ? ಅಂಗೈ ಅಗಲ ಸ್ವಂತ ನೆಲ ಇರಲಿಲ್ಲ. ಹೊಳೆದಂಡೆಯ ಮೆಕ್ಕಲು ಮಣ್ಣಿನಲ್ಲಿ ಒಂದಿಷ್ಟು ಜಮೀನು ಮಾಡಿ, ಗುತ್ತಿಗೆಯವನು ಎನ್ನುವುದು ಹೋಗಿ ಜಮೀನ್ದಾರ ಎನ್ನಿಸಿಕೊಳ್ಳಬೇಕೆಂಬುದೊಂದೇ ಆಸೆ.

ಆ ಹೊತ್ತಿಗೆ ಸುಣ್ಣದ ಕಲ್ಲುಗಳ ಬಗ್ಗೆ ಊರಿನಲ್ಲಿ ಗುಲ್ಲೆದ್ದಿತು. ಸರಕಾರದ ಮನುಷ್ಯ ಬಿಳಿ ಕಲ್ಲು ನೆಡುತ್ತಿದ್ದಾನೆ ಅಂದರೆ ಸರ್ವೆ. ಸರ್ವೆ ಅಂದರೆ ಹೊಳೆಗೆ ಕಟ್ಟೆ ಕಟ್ಟುತ್ತಾರೆ. ಕಟ್ಟೆ ಅಂದರೆ ದಂಡೆಯ ಜಮೀನು ಮುಳುಗಡೆ. ಜಾಲಿಗಾಗಿ ಅಂತ ಅವರು ಬಾಯಿ ನೋಯುವಷ್ಟು ಹೇಳಿದರೂ, ಸರಕಾರದವರು ನಿಜ ಹೇಳುತ್ತಾರೆಯೇ ಎಂದು ಜನ ಜಾಣತನದಿಂದ ನಕ್ಕರು. ನರಸಪ್ಪ ಎಂಬ ರೈತನ ಮೂರು ಎಕರೆ ಹೊಲ ಹೊಳೆಯ ತಿರುವಿನಲ್ಲೇ ಇತ್ತು. ಅದರ ನಡುವೆ ಒಂದು ಕಲ್ಲು. ಮಾರುತ್ತಾನಂತೆ ಎಂದು ಕಿವಿಗೆ ಬಿದ್ದ ದಿನವೇ ಹೋದೆ. ಮೊದಲು ಮಳೆಯ ಮಾತು, ಆಮೇಲೆ ಮಕ್ಕಳ ಮಾತು, ಆಮೇಲೆ ಎದ್ದು ಹೊರಟವನಂತೆ ಮಾಡಿ, ಬಾಗಿಲಲ್ಲಿ ನಿಂತು ಜಮೀನಿನ ಮಾತು. ವ್ಯಾಪಾರದ ಕ್ರಮ ಹಾಗೆಯೇ.

“ಆ ಕಲ್ಲು ಯಾಕೆ ನೆಟ್ಟವ್ರೆ ಅಂತ ನಿಂಗೇನಾರ ಗೊತ್ತೇನಪ್ಪ?” ಎಂದ ನರಸಪ್ಪ, ನನ್ನ ಮುಖವನ್ನೇ ನೋಡುತ್ತ.

ಅದು ಕಟ್ಟೆಗಲ್ಲ, ಜಾಲಿಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. “ಸರ್ಕಾರದೋರ ಮನಸು ಯಾರಿಗೆ ಗೊತ್ತಾಗ್ತದೆ, ನರಸಪ್ಪಣ್ಣ” ಎಂದೆ. ಈ ವಾಕ್ಯದಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅವನು ನಿಟ್ಟುಸಿರು ಬಿಟ್ಟು ಬೆಲೆ ಇಳಿಸಿದ. ನಾನೂ ನಿಟ್ಟುಸಿರು ಬಿಟ್ಟು ಇನ್ನಷ್ಟು ಇಳಿಸಿದೆ.

ರಿಜಿಸ್ಟ್ರಿ ಆದ ಮರುದಿನ ಹೊಲ ನೋಡಲು ಹೋದರೆ ಸ್ವಾಮಿಗಳು ಸೈಕಲ್ ಒರಗಿಸಿ ಕಲ್ಲಿನ ಪಕ್ಕ ನಿಂತಿದ್ದರು. ಗೊತ್ತಿದ್ದೂ ತಗೊಂಡ್ರಾ ಎಂದು ಕೇಳಿದರು. ನಿಮ್ಮ ಕಲ್ಲಿನಿಂದ ಬೆಲೆ ಇಳಿಯಿತು, ದೊಡ್ಡ ಉಪಕಾರವಾಯಿತು ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಎರಡೇ ಕೆಲಸ ಹೇಳಿದರು. ಜಾಲಿಯ ಕಾಯಿ ಉದುರುವ ಕಾಲದಲ್ಲಿ ಪಾವಗಡದ ಕಡೆಯ ಮಂದೆಯನ್ನು ಇಲ್ಲಿ ಕೂರಿಸಬೇಡಿ. ಪ್ರವಾಹ ಇಳಿದ ಮೇಲೆ ಗೆರೆಯ ಕಸವನ್ನು ಎಳೆದು ಸುಡಿ.

“ಇಷ್ಟು ಮಾಡಿದ್ರೆ ನನ್ನ ಕಲ್ಲು ಸುಳ್ಳಾಗತ್ತೆ ಯಜಮಾನ್ರೆ. ದಯವಿಟ್ಟು ಸುಳ್ಳು ಮಾಡಿ. ನಾನೇ ಬಂದು ಕಿತ್ಕೊಂಡು ಹೋಗ್ತೀನಿ.”

ತನ್ನ ಮಾತು ಸುಳ್ಳಾಗಲಿ ಎಂದು ಬೇಡಿಕೊಳ್ಳುವ ಜೋಯಿಸನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇವರಿಗೆ ವ್ಯಾಪಾರ ಗೊತ್ತಿಲ್ಲ ಎಂದುಕೊಂಡೆ.

ಆ ಬೇಸಿಗೆ, ಮುಂಗಾರಿಗೆ ಇನ್ನು ಸ್ವಲ್ಪ ದಿನ ಇರುವಾಗ ಪಾವಗಡದ ಕಡೆಯಿಂದ ಓಬಳಪ್ಪ ಎಂಬ ಕುರಿಯವನು ದೊಡ್ಡ ಮಂದೆ ಹೊಡೆದುಕೊಂಡು ಬಂದ. ಸ್ವಾಮಿಗಳು ದಂಡೆಯ ಊರುಗಳಲ್ಲೆಲ್ಲ ಹಿಕ್ಕೆ ಒಡೆದು ತೋರಿಸಿ ಬಂದಿದ್ದರಿಂದ, ಒಂದಿಷ್ಟು ಜನ ಅಂಜಿಕೆಗೋ ಪೀಡೆ ತೊಲಗಲಿ ಎಂದೋ ಅವನಿಗೆ ಬೇಡ ಅಂದುಬಿಟ್ಟಿದ್ದರು. ಪ್ರತಿ ಬೇಸಿಗೆ ಮೀಸೆ ತಿರುವಿಕೊಂಡು ದರ ಹೇಳುತ್ತಿದ್ದವನು ನನ್ನ ಮುಂದೆ ಕೈ ಹೊಸಕುತ್ತ ನಿಂತ. “ಅನ್ನಾ, ಮೀ ಇಷ್ಟಂ. ನೀವು ಕೊಟ್ಟಷ್ಟೇ ರಾಗಿ” ಎಂದ, ತೆಲುಗು ಬೆರೆಸಿ. ಅರ್ಧಕ್ಕೆ ಕುದುರಿಸಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಮೊರದಿಂದ ಕೈ ತೆಗೆಯದೆ ಕೇಳಿದಳು.

“ಅರ್ಧಕ್ಕೆ ಒಪ್ಪಿದ್ನಲ್ಲ, ಯಾಕೆ ಅಂತ ಕೇಳಿದ್ರಾ?”

ಹೆಂಗಸರಿಗೆ ವ್ಯವಹಾರ ಅರ್ಥವಾಗುವುದಿಲ್ಲ ಎಂದು ಅವಳಿಗೆ ವಿವರವಾಗಿ ತಿಳಿಸಿದೆ. ಇವತ್ತಿಗೂ ಆ ವಿವರಣೆಯನ್ನು ಅವಳು ನನಗೆ ಆಗಾಗ ಒಪ್ಪಿಸುತ್ತಾಳೆ, ಒಂದು ಮಾತೂ ಬಿಡದೆ.

ಮಂದೆಯನ್ನು ದಿನಕ್ಕೊಂದು ತುಂಡಿಗೆ ಸರಿಸಿ, ಮೂರು ಎಕರೆಯಲ್ಲಿ ಒಂದು ಗೇಣೂ ಬಿಡದಂತೆ ಕೂರಿಸಿದೆ. ನಾನೇ ಮುಂದೆ ನಿಂತು ನೋಡಿಕೊಂಡೆ. ಮುಂಗಾರು ಬಿತ್ತು, ಕಡಲೆಕಾಯಿ ಬಿತ್ತಿದೆ, ನಾಲ್ಕು ದಿನ ಸಿರಾ ಕಡೆ ಮರ ನೋಡಲು ಹೋದೆ. ಬಂದು ನೋಡಿದರೆ ಕಡಲೆಕಾಯಿ ಸಾಲಿನ ನಡುವೆ ಸಣ್ಣ ಸಣ್ಣ ಎಲೆಯ ಮೊಳಕೆ. ಜಾಲಿಯೂ ಒಂದು ಗೇಣು ಬಿಟ್ಟಿರಲಿಲ್ಲ. ಇಷ್ಟು ಒಪ್ಪವಾಗಿ ಯಾವ ಬೆಳೆಯೂ ನನಗೆ ಎದ್ದಿಲ್ಲ. ಬೆಳೆ ಕಿತ್ತ ಮೇಲೆ ನೋಡೋಣ ಎಂದು ಬಿಟ್ಟೆ. ಅಷ್ಟರಲ್ಲಿ ಪ್ರವಾಹವೂ ಬಂದು ತನ್ನ ಪಾಲಿನದನ್ನು ಇಳಿಸಿ ಹೋಯಿತು.

ಮುಂದಿನ ವರ್ಷದ ಹೊತ್ತಿಗೆ ಆಳೆತ್ತರ ಮುಳ್ಳು. ನೇಗಿಲು ಇಳಿಯದು, ಎತ್ತು ಹೆಜ್ಜೆ ಇಡದು. ಕಡಿಸಲು ಕೂಲಿ ಕೊಡಬೇಕಲ್ಲ ಎಂದು ಹೊಟ್ಟೆ ಉರಿಯಿತು. ಆಗ ಮತ್ತೆ ನನ್ನ ಬುದ್ಧಿ ಕೆಲಸ ಮಾಡಿತು. ಸಿರಾದಲ್ಲಿ ಸೌದೆ ಡಿಪೊ ಇಟ್ಟಿದ್ದ ಒಬ್ಬ ಸಾಹೇಬರನ್ನು ಕಂಡು, ಸೌದೆ ನಿಮ್ಮದು, ಕೂಲಿಯೂ ನಿಮ್ಮದು, ನನಗೆ ನೆಲ ಖಾಲಿಯಾದರೆ ಸಾಕು ಎಂದೆ. ಸಾಹೇಬರು ಪ್ರಾಮಾಣಿಕರು. ಬೇರು ತಮಗೆ ಬೇಡ, ಮೇಲಿನದನ್ನು ಮಾತ್ರ ಒಯ್ಯುವುದಾಗಿ ಮೊದಲೇ ಹೇಳಿದರು. ಅವರ ಆಳುಗಳು ಬಗ್ಗುವ ಕಷ್ಟ ತೆಗೆದುಕೊಳ್ಳದೆ ಮೊಳಕಾಲೆತ್ತರಕ್ಕೆ ಕಡಿದು ಗಾಡಿ ತುಂಬಿದರು. ಮಳೆ ಬಿದ್ದ ಮೇಲೆ ಒಂದು ಗಿಡವಿದ್ದ ಕಡೆ ಹತ್ತು ಕೊಂಬೆ ಎದ್ದಿತು. ಸಾಹೇಬರು ಒಮ್ಮೆ ಈ ದಾರಿಯಲ್ಲಿ ಹೋಗುತ್ತ ನಿಂತು ನೋಡಿ ಸಂತೋಷಪಟ್ಟರು.

“ಮಾಶಾಲ್ಲಾ, ಸಾವ್ಕಾರ್. ನಿಮ್ ಜಮೀನ್‌ನಾಗೆ ಬರ್ಕತ್ ಐತೆ. ಬರೋ ವರ್ಷಾನೂ ನಮ್ಗೇ ಕೊಡಿ.”

ಆ ದಿನ ಸಂಜೆ ನಾನು ಮಿಡಿಗೇಶಿಗೆ ನಡೆದೆ. ಬಸ್ಸು ಇತ್ತು, ಬೇಗ ತಲುಪಬಾರದು ಅನ್ನಿಸಿತು. ಸ್ವಾಮಿಗಳು ಕೋಣೆಯ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಈ ಮಾತು ಹೇಗೆ ತೆಗೆಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಮಳೆಯ ಮಾತು, ಮಕ್ಕಳ ಮಾತು ಎರಡೂ ಬಾಯಿಗೆ ಬರಲಿಲ್ಲ. ಹೊಲ ಹೋಯಿತು ಸ್ವಾಮಿ, ನನ್ನ ಹತ್ತಿರ ಇದ್ದದ್ದು ಅದೊಂದೇ, ಉಳಿಸಲಿಕ್ಕಾಗುತ್ತದೆಯೇ ಎಂದೆ. ನಾನು ಹೇಳಿರಲಿಲ್ಲವೇ ಎಂಬ ಮಾತು ಬರುತ್ತದೆಂದು ಕಾದೆ. ಅವರು ಎಷ್ಟು ಎಕರೆ, ಎಷ್ಟು ದಪ್ಪ, ಎಷ್ಟು ಎತ್ತರಕ್ಕೆ ಕಡಿದಿದ್ದಾರೆ ಎಂದು ಮಾತ್ರ ಕೇಳಿದರು. ಆಮೇಲೆ ಒಂದು ಹಿಡಿ ಕಡಲೆಕಾಯಿ ನನ್ನ ಕೈಗೆ ಸುರಿದರು. ಯಾವ ಜೇಬಿನದೆಂದು ನೋಡಿಕೊಂಡು ತಿಂದೆ.

ಭಾನುವಾರ ಹಾರೆ, ಗುದ್ದಲಿ ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಅವತ್ತಿನಿಂದ ಎಂಟು ತಿಂಗಳು ಯಾವ ಭಾನುವಾರವೂ ತಪ್ಪಲಿಲ್ಲ. ಬುಡದ ಸುತ್ತ ಮಣ್ಣು ಬಿಡಿಸಿ, ಕೈಬೆರಳಿನಿಂದ ತಡವಿ, ಕಾಂಡ ಮುಗಿದು ಬೇರು ಶುರುವಾಗುವ ಕತ್ತನ್ನು ಹುಡುಕಬೇಕು. ಗೇಣುದ್ದ ಕೆಳಗಿರುತ್ತದೆ. ಅದಕ್ಕಿಂತ ಕೆಳಗೆ ಕಡಿದರೆ ಸತ್ತಿತು, ಒಂದು ಬೆರಳು ಮೇಲೆ ಕಡಿದರೂ ಬದುಕಿತು. ಮುಳ್ಳು ಚುಚ್ಚಿ ಅವರ ಕೈ ಬಾತುಕೊಂಡಿದ್ದು ನೋಡಿ ಒಂದು ದಿನ ನನಗೆ ತಡೆಯಲಾಗಲಿಲ್ಲ. ನೆಲ ನನ್ನದು, ತಪ್ಪು ನನ್ನದು, ನಿಮಗೇನು ಸ್ವಾಮಿ ಗ್ರಹಚಾರ ಎಂದು ಕೇಳಿದೆ. ಅವರು ಹಾರೆ ಕೆಳಗಿಟ್ಟರು.

“ನಾನು ಕೆಲಸಕ್ಕೆ ಸೇರಿದ್ದು ಪಾವಗಡದ ಕಡೆ. ಬಳ್ಳಾರಿ ಜಾಲಿ ಬೀಜ ಅಂತ ಒಂದು ಮೂಟೆ ಬಂತು. ಮನೆಮನೆಗೆ ಹೋಗಿ ಬೊಗಸೆ ಬೊಗಸೆ ಹಂಚಿದೋನು ನಾನೇ ಕಣ್ರೀ. ಬೇಡ ಅಂದೋರಿಗೆ ಭಾಷಣ ಮಾಡಿದ್ದೆ.”

ಅವರು ಕೆಳಗಿಟ್ಟ ಹಾರೆಯನ್ನು ನಾನು ಎತ್ತಿಕೊಂಡೆ. ಬೀಜ ಎಲ್ಲೆಲ್ಲಿ ಹೋಗಿದೆ ಎಂದು ಗೊತ್ತಾದರೆ ಎದುರು ಹೋಗಿ ನಿಲ್ಲಬಹುದು ಅಂದುಕೊಂಡಿದ್ದರಂತೆ. ಅದಕ್ಕೇ ಆ ಪೊಟ್ಟಣ, ಆ ಕಲ್ಲು. ಎಷ್ಟು ಕಡೆ ನಿಲ್ಲಲಾಯಿತು ಎಂದು ಕೇಳಿದೆ. ಅವರು ನನ್ನ ಹೊಲದ ಕಡೆ ನೋಡಿ, ಇಲ್ಲಿ ಒಂದು ಎಕರೆ ಆಗಬಹುದು ಎಂದರು.

ನರಸಪ್ಪನಿಗೆ ನಿಜ ಹೇಳಿದಿರಾ ಎಂದು ಅವರು ಆಮೇಲೆ ಒಮ್ಮೆ ಕೇಳಿದರು. ಕಲ್ಲಿನ ಅರ್ಥ ಗೊತ್ತಿದ್ದೂ ಬೆಲೆ ಇಳಿಸಿದ್ದು ನನಗೂ ಒಳಗೊಳಗೆ ಕೊರೆಯುತ್ತಿತ್ತು. ನರಸಪ್ಪ ನಾನು ಕೊಟ್ಟ ದುಡ್ಡಿನಲ್ಲಿ ದಿಣ್ಣೆಯ ಮೇಲೆ ಬೇರೆ ಹೊಲ ಮಾಡಿಕೊಂಡಿದ್ದ. ಹೋಗಿ, ತಲೆ ತಗ್ಗಿಸಿ, ಇದ್ದದ್ದನ್ನು ಹೇಳಿದೆ. ಅವನು ಕೇಳಿ ಮುಗಿಸಿ, ಎಲೆಯಡಿಕೆ ಉಗಿದು ಬಂದು ಕೂತ.

“ನಂಗೆ ಆವಾಗ್ಲೇ ಗೊತ್ತಿತ್ತು ಕಣಪ್ಪ. ಹಿಕ್ಕೆ ಸ್ವಾಮಿ ನಮ್ಮನೆ ಅಂಗಳದಾಗೇ ಕುಂತ್ಕಂಡು ಒಡೆದು ತೋರ್ಸಿದ್ರು. ಅದಕ್ಕೇ ಮಾರ್ಬುಟ್ಟೆ. ನಿಂಗೆ ಗೊತ್ತೇನೋ ಅಂತ ಕೇಳ್ದೆ, ನೀನು ಗೊತ್ತಿಲ್ಲ ಅಂದೆ.”

ಮಧುಗಿರಿ ತಾಲೂಕಿನಲ್ಲಿ ಸ್ವಾಮಿಗಳ ಮಾತನ್ನು ಪೂರ್ತಿಯಾಗಿ ನಂಬಿದವನು ನರಸಪ್ಪ ಒಬ್ಬನೇ. ನಾನು ಬೆಲೆ ಇಳಿಸಿದೆನೆಂದು ಬೀಗಿದ ಜಮೀನಿಗೆ ಅವನ ಲೆಕ್ಕದಲ್ಲಿ ಬೆಲೆಯೇ ಇರಲಿಲ್ಲ. ಹೊರಡುವಾಗ ಬಿತ್ತನೆಗಿರಲಿ ಎಂದು ಒಂದು ಚೀಲ ಕಡಲೆಕಾಯಿ ಕೊಟ್ಟ. ಚೌಕಾಸಿ ಮಾಡದೆ ತೆಗೆದುಕೊಂಡೆ.

ಎಂಟನೇ ತಿಂಗಳಲ್ಲಿ ಸ್ವಾಮಿಗಳಿಗೆ ವರ್ಗವಾಯಿತು. ಅಷ್ಟರಲ್ಲಿ ಒಂದು ಎಕರೆ ಶುದ್ಧವಾಗಿತ್ತು. ಕೊನೆಯ ಭಾನುವಾರ ಅವರು ಆ ಸುಣ್ಣದ ಕಲ್ಲನ್ನು ಕಿತ್ತು, ಹಸನಾದ ಎಕರೆಗೂ ಮುಳ್ಳಿನ ಎರಡು ಎಕರೆಗೂ ನಡುವೆ ನೆಟ್ಟರು. ಮುಂದಿನದು ನಿಮ್ಮ ಕೈಲಿದೆ, ವರ್ಷಕ್ಕೆ ಒಂದೊಂದು ಮಾರು ಆಚೆಗೆ ಸರಿಸಿ ಎಂದು ಸೈಕಲ್ ಹತ್ತಿದರು. ನಾನು ನಮಸ್ಕಾರ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಆ ಒಂದು ಎಕರೆಯ ರಾಗಿಯನ್ನೇ ನಮ್ಮ ಮನೆ ಇವತ್ತಿಗೂ ಉಣ್ಣುತ್ತದೆ.

ಹೊಳೆದಂಡೆಯಲ್ಲಿ ಜಮೀನು ಕೊಳ್ಳಬೇಕೆಂದು ದುಡ್ಡು ಕೂಡಿಟ್ಟಿರುವವರಿಗೆ ನನ್ನ ಮಾತು ಇಷ್ಟು. ಜಮೀನನ್ನು ಬೇಸಿಗೆಯಲ್ಲಿ ನೋಡಿ, ಹಸಿರು ಹೊದ್ದಿರುವಾಗ ನೋಡಬೇಡಿ. ಹೊಳೆ ಎಲ್ಲಿ ತಿರುಗುತ್ತದೆ, ಪ್ರವಾಹದ ಕಸ ಎಲ್ಲಿ ನಿಂತಿದೆ, ಅದನ್ನು ನಡೆದು ನೋಡಿ. ಮಂದೆ ಹಾಕಿಸುವ ಮುಂಚೆ ನಾಲ್ಕು ಹಿಕ್ಕೆ ಎತ್ತಿ ಒಡೆದು ನೋಡಿ. ಯಾರಾದರೂ ನೋಡಿಯಾರು ಎಂಬ ನಾಚಿಕೆ ಬೇಡ. ನಾಚಿಕೆಪಟ್ಟವನ ಜಮೀನು ನೋಡಬೇಕಾದರೆ ನಮ್ಮ ಊರಿಗೆ ಬನ್ನಿ. ಮಾರುವವನು ಪೆದ್ದನ ಹಾಗೆ ಕಂಡರೆ ಒಂದು ವಾರ ಬಿಟ್ಟು ಮತ್ತೆ ಹೋಗಿ. ಇಷ್ಟಾದರೂ ಜಾಲಿ ಬಂದೇ ಬರುತ್ತದೆ. ಬಂದಾಗ ಬೆರಳುದ್ದ ಇರುವಾಗಲೇ, ಮಣ್ಣು ಹಸಿಯಿರುವಾಗಲೇ ಹೊರಡಿ. ಆಳು ಕಳಿಸಬೇಡಿ, ನೀವೇ ಹೋಗಿ. ಕತ್ತು ಇರುವುದು ಮಣ್ಣಿನೊಳಗೆ. ನಿಂತುಕೊಂಡು ಕಿತ್ತರೆ ಮೇಲಿನದಷ್ಟೇ ಕೈಗೆ ಬರುತ್ತದೆ. ಮಂಡಿಯೂರಿ.